ಎಂಜಿನ್ ಇಳಿದಿರುವಾಗಲೇ

ಆಗಸ್ಟ್ 8, ಭಾನುವಾರ

ಗಾಡಿ ನಿಂತಿತು. ಅಲೆಕ್ಸಾಂಡ್ರಿಯಾದ ಸೀದಿ ಬಿಶ್ರ್ ಹತ್ತಿರ, ಸಮುದ್ರದ ರಸ್ತೆಯಲ್ಲಿ, ನಡುಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಕೈರೋದಿಂದ ರಜೆಗೆ ಬಂದಿದ್ದ ಒಂದು ಸಂಸಾರ, ಅವರ ಕೊಡೆ, ಅವರ ಕಲ್ಲಂಗಡಿ ಹಣ್ಣು. ಡ್ರೈವರ್ ಉಸ್ತಾ, ಮುಂದುಗಡೆಯಿಂದ ಹೊಗೆ ಬರ್ತಾ ಇದೆಯಲ್ಲ ಅಂತ ಆ ಹೆಂಗಸೇ ಮೊದಲು ಹೇಳಿದ್ದು. ಆಗ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ನೋಡಿದೆ. ಕೆಂಪು ದಾಟಿ ತುದಿಗೆ ಒರಗಿಕೊಂಡಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ.

ಈ ಲಾಡಾ ಟ್ಯಾಕ್ಸಿ ಓಡಿಸಲು ಹಿಡಿದಾಗಿನಿಂದ ಆ ಮುಳ್ಳನ್ನು ಗಳಿಗೆಗೊಮ್ಮೆ ನೋಡದೆ ಇದ್ದವನಲ್ಲ ನಾನು. ನನ್ನ ಮುಖಕ್ಕಿಂತ ಅದನ್ನೇ ಜಾಸ್ತಿ ನೋಡ್ತೀರಿ ಎಂದು ಹೆಂಡತಿ ನಗಾತ್ ನಗುತ್ತಿದ್ದಳು. ಇವತ್ತೂ ನೋಡುತ್ತಲೇ ಇದ್ದೆ ಅನಿಸುತ್ತದೆ. ಕಂಡಿರಲಿಲ್ಲ.

ನಗಾತ್‌ಳ ನಲವತ್ತನೆಯ ದಿನದ ಕಾರ್ಯ ಗುರುವಾರ ಮುಗಿಯಿತು. ಕುರ್‌ಆನ್ ಓದಿಸಿದೆವು. ಬಂದವರು ಸಕ್ಕರೆಯಿಲ್ಲದ ಕಾಫಿ ಕುಡಿದು, ಹೇಳುವ ಮಾತು ಹೇಳಿ ಹೋದರು. ಮಣ್ಣಾದ ಮೂರನೆಯ ದಿನವೇ ಅವಳ ಅಕ್ಕ ಕೌಸರ್ ನಮ್ಮ ಮಗಳು ಇಸ್ರಾಳನ್ನು ರಶೀದ್ ಊರಿಗೆ ಕರೆದುಕೊಂಡು ಹೋದಳು. ನಲವತ್ತು ಕಳೀಲಿ, ಆಮೇಲೆ ನೀನೇ ಬಂದು ಕರ್ಕೊಂಡು ಹೋಗು ಅಂದಿದ್ದಳು. ನಾಳೆ ಹೋಗಬೇಕು ಅಂದುಕೊಂಡಿದ್ದೆ. ಈಗ ಗಾಡಿ ಇಲ್ಲ.

ಮೊದಲೆಲ್ಲ ಇಂಥ ತಲೆಬಿಸಿಯನ್ನು ಮಲಗುವಾಗ ನಗಾತ್‌ಗೆ ಹೇಳುತ್ತಿದ್ದೆ. ಅರ್ಧ ಕೇಳುವಷ್ಟರಲ್ಲಿ ಅವಳಿಗೆ ನಿದ್ದೆ. ಉಳಿದರ್ಧ ಗೋಡೆಗೆ ಹೇಳಿ ನಾನೂ ಮಲಗುತ್ತಿದ್ದೆ. ಈಗ ಬರೆಯುತ್ತೇನೆ. ಆರನೆಯ ಕ್ಲಾಸಿಗೇ ಬಿಟ್ಟವನ ಕೈ, ಸಾಲು ಇಳಿಜಾರಾಗುತ್ತದೆ. ಯಾರು ನೋಡಬೇಕು.

ಆಗಸ್ಟ್ 10, ಮಂಗಳವಾರ

ಹದ್ರಾದ ಮೆಕ್ಯಾನಿಕ್ ಉಸ್ತಾ ವದೀಯ ವರ್ಕ್‌ಶಾಪಿಗೆ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ವದೀಗೆ ಈಗ ಕನ್ಯಾಮರಿಯಮ್ಮನ ಉಪವಾಸ. ಮಾಂಸವಿಲ್ಲ, ಹಾಲಿಲ್ಲ, ಅದಕ್ಕೇ ಸಿಡುಕು ಅಂತ ಬೀದಿಯವರು ಅನ್ನುತ್ತಾರೆ. ಉಪವಾಸ ಇಲ್ಲದ ತಿಂಗಳಲ್ಲೂ ಅವನು ಹೀಗೇ.

ಮಧ್ಯಾಹ್ನದೊಳಗೆ ಚೈನ್ ಪುಲ್ಲಿ ಹಾಕಿ ಎಂಜಿನ್ ಇಳಿಸಿದ. ಹಿಂಬದಿ, ಗೇರ್ ಬಾಕ್ಸ್ ಬಂದು ಕೂರುವ ಕಡೆ, ಬ್ಲಾಕಿನಲ್ಲಿ ಒಂದು ತಗಡಿನ ಬಿಲ್ಲೆ ಇರುತ್ತದೆ. ಚಹಾದ ಲೋಟದ ತಳದಷ್ಟು. ಎಂಜಿನ್ ಮೇಲಿದ್ದಾಗ ಅದು ಇದೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ. ಅದು ತುಕ್ಕು ತಿಂದು ಜರಡಿಯಾಗಿತ್ತು. ನೀರೆಲ್ಲ ಅಲ್ಲಿಂದಲೇ ಹೋಗಿದೆ. ವದೀ ಉಗುರಿನಿಂದ ಕೆರೆದ, ಪುಡಿಪುಡಿಯಾಗಿ ಉದುರಿತು. ರೇಡಿಯೇಟರಿಗೆ ನಲ್ಲಿ ನೀರು ಹಾಕಿದರೆ ಹೀಗೇ ಆಗೋದು ಅಂದ. ಅಲೆಕ್ಸಾಂಡ್ರಿಯಾದ ಟ್ಯಾಕ್ಸಿಗಳೆಲ್ಲ ನಲ್ಲಿ ನೀರು ಕುಡಿದೇ ಬದುಕಿರುವುದು. ಬೇರೆ ಏನು ಹಾಕಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ಹೆಡ್ಡು ಕಾದು ಸೊಟ್ಟಗಾಗಿದೆ, ಉಜ್ಜಿಸಬೇಕು. ರಿಂಗು ಹೊಸದು. ವಾರದ ಕೆಲಸ.

"ಇಳಿದಿರುವಾಗಲೇ ಕ್ಲಚ್ ಪ್ಲೇಟು, ಬೇರಿಂಗು ಹಾಕಿಬಿಡು ಇಸ್ರಾಳಪ್ಪ," ಅಂದ ವದೀ. "ಆಮೇಲೆ ಅದೊಂದಕ್ಕೋಸ್ಕರ ಮತ್ತೆ ಇಳಿಸು ಅಂತ ಬಂದರೆ ನಿನ್ನನ್ನೇ ಆ ಪುಲ್ಲಿಗೆ ನೇತು ಹಾಕ್ತೀನಿ."

ಹಾಕು ಅಂದೆ. ನ್ಯಾಯವಾದ ಮಾತು. ಎಂಜಿನ್ ಇಳಿಸುವುದೇ ದೊಡ್ಡ ಕೆಲಸ, ಇಳಿದ ಮೇಲೆ ಕ್ಲಚ್ಚು ಕೈಗೆಟುಕುವಲ್ಲೇ ಇದೆ. ನಗಾತ್‌ಳ ಔಷಧಕ್ಕೆಂದು ತೆಗೆದಿಟ್ಟದ್ದು ಹಾಗೇ ಇದೆ. ಅದಕ್ಕೆ ಇನ್ನೇನೂ ಕೆಲಸವಿಲ್ಲ.

ಆಗಸ್ಟ್ 11, ಬುಧವಾರ

ವರ್ಕ್‌ಶಾಪಿನ ಫೋನಿನಿಂದ ರಶೀದ್‌ಗೆ ಮಾಡಿದೆ. ಕೌಸರ್ ಎತ್ತಿದಳು. ಗಾಡಿ ರೆಡಿಯಾಗಲಿ, ಬರ್ತೀನಿ ಅಂದೆ. ಇಸ್ರಾ ಫೋನಿಗೆ ಬಂದಳು. ಊಟ ಆಯ್ತಾ ಅಂದೆ, ಆಯ್ತು ಅಂದಳು. ಊಟ ಆಯ್ತಾ ಅಂದಳು, ಆಯ್ತು ಅಂದೆ.  ಕೊನೆಗೆ ಅವಳೇ ಎಂಜಿನ್ ಇಳಿಸಿದರೆ ಗಾಡಿಯೊಳಗೆ ಏನಿರುತ್ತೆ ಅಂತ ಕೇಳಿದಳು. ಏನೂ ಇರಲ್ಲ, ಖಾಲಿ, ಬಗ್ಗಿ ನೋಡಿದರೆ ನೆಲ ಕಾಣುತ್ತೆ ಅಂದೆ. ಆ ಮಾತು ಅವಳಿಗೆ ಹಿಡಿಸಿತು. ನೆಲ ಕಾಣುತ್ತಾ ಅಂತ ಮತ್ತೆ ಕೇಳಿದಳು.

ಆಗಸ್ಟ್ 15, ಭಾನುವಾರ

ಹೆಡ್ಡು ಉಜ್ಜಿ ಬಂತು. ಕ್ಲಚ್ ಪ್ಲೇಟು ಬಂತು. ಎಂಜಿನ್ ಮೇಜಿನ ಮೇಲೆ ಕೂತಿದೆ, ಬೀದಿಯಲ್ಲಿ ಹೋಗುವವರೆಲ್ಲ ಒಂದು ಸಲ ಒಳಗೆ ಇಣುಕುತ್ತಾರೆ. ಇಣುಕಿದವರು ಒಂದು ಪಾರ್ಟಿನ ಹೆಸರು ಹೇಳದೆ ಹೋಗುವುದಿಲ್ಲ. ಎಂಜಿನ್ ಇಳಿದಿರುವಾಗಲೇ ವಾಟರ್ ಪಂಪು ಹಾಕಿಸಿಬಿಡು. ಇಳಿದಿರುವಾಗಲೇ ಟೈಮಿಂಗ್ ಚೈನು. ಇಳಿದಿರುವಾಗಲೇ ಮೌಂಟಿಂಗ್ ರಬ್ಬರು, ಅದು ಹೋದರೆ ಹೊಸ ಎಂಜಿನ್ನೂ ನಡುಗುತ್ತದೆ. ತಅಮಿಯಾ ವಡೆ ಕರಿಯುವವನು ಕೂಡ ಎಣ್ಣೆ ಕೈಯಲ್ಲೇ ಬಂದು ಹೀಟರಿನ ಪೈಪು ಮರೀಬೇಡ ಅಂದ. ಅವನಿಗೆ ಗಾಡಿಯೇ ಇಲ್ಲ. ನಲವತ್ತರ ದಿನ ಮನೆಗೆ ಬಂದವರೂ ಹೀಗೇ ಬಾಗಿಲಲ್ಲಿ ನಿಂತು, ತಲೆ ಆಡಿಸಿ, ಒಂದೊಂದು ಮಾತು ಹೇಳಿ ಹೋಗಿದ್ದರು. ಅವರಿಗೂ ಹೂಂ ಅಂದಿದ್ದೆ. ಇವರಿಗೂ ಹೂಂ ಅಂದೆ.

ನಮ್ಮ ಸ್ಟ್ಯಾಂಡಿನ ಗೋಮಾ ತನ್ನ ಟ್ಯಾಕ್ಸಿ ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಕೂಗಿ ಹೇಳಿದ. "ಅಲ್ಲ ಕಣೋ ಶೆಹಾತಾ, ಊರಿಗೆ ಊರೇ ಸಮುದ್ರ ನೋಡೋಕೆ ಬಂದಿರುವಾಗ ಎಂಜಿನ್ ಇಳಿಸಿದ್ದೀಯಲ್ಲ. ಮದುವೆ ದಿನ ಹಲ್ಲು ಕೀಳಿಸ್ಕೊಂಡ ಹಾಗಾಯ್ತು."

ನಗಬೇಕು ಅಂತ ಗೊತ್ತಾಯಿತು. ನಕ್ಕೆ ಅನಿಸುತ್ತದೆ.

ಮೌಂಟಿಂಗ್ ರಬ್ಬರಿನದು ಮಾತ್ರ ಚಿಂತೆಯಾಗಿದೆ. ನಿಜಕ್ಕೂ ನಡುಗಿದರೆ? ರಶೀದ್ ದಾರಿಯಲ್ಲಿ, ಕೆರೆಯ ಪಕ್ಕ, ಮಗು ಗಾಡಿಯಲ್ಲಿರುವಾಗ ಕಿತ್ತುಕೊಂಡರೆ? ನಾಳೆ ಹೇಳಬೇಕು.

ಆಗಸ್ಟ್ 16, ಸೋಮವಾರ

ಹೇಳಿದೆ. ಹಾಕುತ್ತಾನಂತೆ.

ಆಗಸ್ಟ್ 21, ಶನಿವಾರ

ಇಸ್ರಾ ಈಗ ದಿನಾ ಸಂಜೆ ವರ್ಕ್‌ಶಾಪಿಗೇ ಫೋನು ಮಾಡುತ್ತಾಳೆ. ವದೀ ಎತ್ತಿಕೊಂಡು, ಇದು ಹುಚ್ಚರ ಆಸ್ಪತ್ರೆ, ನಿಮಗೆ ಯಾವ ರೋಗಿ ಬೇಕು ಅನ್ನುತ್ತಾನೆ. ಅವಳು ಆ ಕಡೆ ನಗುವುದು ನನಗೂ ಕೇಳಿಸುತ್ತದೆ. ಆಮೇಲೆ ನಾನು. "ಇವತ್ತು ಯಾವ ಪಾರ್ಟ್ ಹಾಕಿದ್ರಿ ಬಾಬಾ?" ಅಂತ ಕೇಳುತ್ತಾಳೆ. ಹೇಳುತ್ತೇನೆ. ಅದು ಏನು ಮಾಡುತ್ತೆ ಅಂತ ಕೇಳುತ್ತಾಳೆ. ವಾಟರ್ ಪಂಪು ನೀರನ್ನು ಸುತ್ತಿಸುತ್ತೆ. ಚೈನು ಮೇಲಿನದಕ್ಕೂ ಕೆಳಗಿನದಕ್ಕೂ ಹೊತ್ತು ತಪ್ಪದ ಹಾಗೆ ನೋಡಿಕೊಳ್ಳುತ್ತೆ. ಮೌಂಟಿಂಗು ಎಂಜಿನ್ನಿನ ಅಲುಗಾಟ ನಮಗೆ ಮುಟ್ಟದ ಹಾಗೆ ತಾನು ತಗೊಳ್ಳುತ್ತೆ. ಅವಳಿಗೆ ಹೆಸರುಗಳು ಬಾಯಿಗೆ ಬಂದಿವೆ. ಬೇರೆ ಏನು ಮಾತಾಡಬೇಕು ಅಂತ ನನಗೆ ತೋಚುವುದಿಲ್ಲ. ಅಮ್ಮನ ಮಾತು ಅವಳು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಇವತ್ತು ಅವಳ ಕೈಯಿಂದ ಕೌಸರ್ ಫೋನು ತೆಗೆದುಕೊಂಡಳು. ಶಾಲೆ ಶುರುವಾಗುವುದು ಮುಂದಿನ ತಿಂಗಳು ಹದಿನೆಂಟಕ್ಕೆ. ಅಷ್ಟರೊಳಗೆ ಬಂದು ಕರ್ಕೊಂಡು ಹೋಗು, ಇಲ್ಲಾಂದ್ರೆ ನಾನು ಇಲ್ಲೇ ಸೇರಿಸ್ತೀನಿ ಅಂದಳು. ಬೈಗುಳದ ದನಿಯಲ್ಲ. ಕೌಸರ್‌ಗೆ ಮಕ್ಕಳಿಲ್ಲ. ಅವಳ ಗಂಡ ದೋಣಿ ಕಟ್ಟುವ ಬಡಗಿ, ಒಳ್ಳೆಯವನು. ಮನೆಯಲ್ಲಿ ಗಾಳಿ ಬೆಳಕು ಇದೆ. ಒಂದು ಸಲ ಸೇರಿಸಿದರೆ ವರ್ಷದ ನಡುವೆ ಕಿತ್ತು ತರೋಕೆ ನಾನು ಬಿಡಲ್ಲ, ಮಗು ಏನು ಗಿಡವಾ ಅಂತಲೂ ಅಂದಳು.

ಎಂಜಿನ್ ಇಳಿದಿದೆಯಲ್ಲ ಅಂದೆ.

"ಎಂಜಿನ್ ಇಳಿದಿದೆ, ಎಂಜಿನ್ ಇಳಿದಿದೆ. ರಶೀದ್‌ಗೆ ಮೈಕ್ರೋಬಸ್ ಇಲ್ವಾ ಶೆಹಾತಾ?"

ಇದೆ. ಅರ್ಧ ಗಂಟೆಗೊಂದು ಇದೆ. ಆದರೆ ಮೈಕ್ರೋಬಸ್ಸಿನ ಡ್ರೈವರುಗಳು ಹೇಗೆ ಓಡಿಸುತ್ತಾರೆ ಅಂತ ಅವಳಿಗೇನು ಗೊತ್ತು.

ಆಗಸ್ಟ್ 26, ಗುರುವಾರ

ವರ್ಕ್‌ಶಾಪಿನಲ್ಲಿ ದೊಡ್ಡ ಚರ್ಚೆ. ವದೀ ಥರ್ಮೋಸ್ಟಾಟ್ ವಾಲ್ವು ಹಾಕುತ್ತಾನಂತೆ, ಎಂಜಿನ್ ಬಿಸಿಯಾಗುವ ತನಕ ನೀರು ತಡೆಯುವಂಥದು. ಈ ಊರಿನಲ್ಲಿ ಯಾವ ಗಾಡಿಯಲ್ಲಿ ಆ ವಾಲ್ವು ಇದೆ? ಹೊಸ ಗಾಡಿ ಕೊಂಡ ವಾರವೇ ಕಿತ್ತು ಸಮುದ್ರಕ್ಕೆ ಎಸೆಯುತ್ತಾರೆ. ಅದು ನೀರಿಗೆ ಅಡ್ಡ, ಅದು ಚಳಿ ದೇಶದವರಿಗೆ, ನಮಗೆ ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ನಮ್ಮಪ್ಪನ ಕಾಲದಿಂದ ನಡೆದು ಬಂದಿದೆ. ಗೋಮಾ ಬಂದು ವದೀಗೆ ಬಿಸಿಲು ತಲೆಗೇರಿದೆ ಅಂದ. ವದೀ ಸ್ಪ್ಯಾನರ್ ಕೆಳಗಿಡದೆ ಹೇಳಿದ, ಎಂಜಿನ್‌ಗೆ ಸ್ವಲ್ಪ ಬಿಸಿ ಬೇಕಪ್ಪ, ಸದಾ ತಣ್ಣಗೇ ಓಡಿದರೆ ಎಣ್ಣೆ ಎಲ್ಲ ಕಡೆಗೂ ಸರಿಯಾಗಿ ಹರಿಯಲ್ಲ, ಒಳಗೊಳಗೇ ಸವೀತಾ ಹೋಗುತ್ತೆ, ಹೊರಗಡೆಯಿಂದ ನೋಡಿದರೆ ಚೆನ್ನಾಗೇ ಇರುತ್ತೆ ಅಂತ.

ನನಗೆ ಎರಡೂ ಭಯ. ವಾಲ್ವು ಹಾಕಿ ಅದು ಮುಚ್ಚಿಕೊಂಡೇ ಉಳಿದರೆ ಮತ್ತೆ ಕಾದು ಸುಡುತ್ತದೆ. ಹಾಕದಿದ್ದರೆ ಸವೆಯುತ್ತದೆ. ಸಂಜೆಯವರೆಗೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಇಸ್ರಾ ಫೋನು ಮಾಡಿದಾಗ ಅವಳನ್ನೇ ಕೇಳಿದೆ. ಯಾಕೆ ಕೇಳಿದೆನೋ, ಒಂಬತ್ತು ವರ್ಷದ ಮಗು. ಉಸ್ತಾಗೆ ಗೊತ್ತಿರುತ್ತೆ ಬಾಬಾ ಅಂದಳು.

ಹಾಕಿಸಿದೆ.

ಆಗಸ್ಟ್ 30, ಸೋಮವಾರ

ಮನೆಗೆ ಹೋಗಿ ದೀಪ ಹಾಕಿದೆ. ಆರಿಸಿದೆ. ಮಲಗಿದೆ.

ಸೆಪ್ಟೆಂಬರ್ 1, ಬುಧವಾರ

ಹಿಂಬದಿಯ ಆಯಿಲ್ ಸೀಲು ಹಾಕಿಸಬೇಕು ಅಂತ ನನಗೆ ಬೆಳಗ್ಗೆ ಎದ್ದ ಕೂಡಲೇ ಹೊಳೆಯಿತು. ಕ್ರ್ಯಾಂಕಿನ ಹಿಂದೆ ಇರುವ ದೊಡ್ಡ ಉಂಗುರದಂಥದು. ಅದು ಒಡೆದರೆ ಎಣ್ಣೆಯೆಲ್ಲ ಹೊಸ ಕ್ಲಚ್ಚಿನ ಮೇಲೆ ಬೀಳುತ್ತದೆ. ಎಣ್ಣೆ ಕುಡಿದ ಕ್ಲಚ್ಚು ಜಾರುತ್ತದೆ. ಏರಿನಲ್ಲಿ ಜಾರಿದರೆ ಗಾಡಿ ಹಿಂದಕ್ಕೆ ಬರುತ್ತದೆ. ಹಿಂದೆ ಲಾರಿ ಇದ್ದರೆ?

ವದೀ ಟಾರ್ಚು ಹಿಡಿದು ತೋರಿಸಿದ. ಹಳೆಯ ಸೀಲು ಒಣಗಿದೆ, ಒಂದು ತೇವದ ಗುರುತಿಲ್ಲ. ಇದು ರಷ್ಯಾದ ರಬ್ಬರು, ಗಾಡಿ ಜೊತೆಗೇ ಹುಟ್ಟಿದ್ದು, ಇಷ್ಟು ವರ್ಷ ಒಂದು ಹನಿ ಬಿಟ್ಟಿಲ್ಲ, ಈಗ ಸಿಗೋದೆಲ್ಲ ಎಲ್ಲೆಲ್ಲಿಯದೋ, ಇದನ್ನ ಮುಟ್ಟಬೇಡ ಅಂದ. ನನಗೆ ಸಮಾಧಾನವಾಗಲಿಲ್ಲ. ಇಷ್ಟು ವರ್ಷ ಬಿಟ್ಟಿಲ್ಲ ಅಂದರೆ ಇನ್ನು ಬಿಡುತ್ತದೆ ಅಂತ ತಾನೆ ಅರ್ಥ. ಚೆನ್ನಾಗಿದ್ದಾಳೆ ಚೆನ್ನಾಗಿದ್ದಾಳೆ ಅಂತ ಡಾಕ್ಟರು ಕೂಡ ಫೆಬ್ರವರಿ ತನಕ ಹೇಳಿದ್ದರು.

ವದೀ ಸೋತ. ಸೀಲು ತೆಗೆದ. ಹಳೆಯದನ್ನು ಎಸೆಯದೆ ಮೊಳೆಗೆ ನೇತು ಹಾಕಿದ.

ಸೆಪ್ಟೆಂಬರ್ 4, ಶನಿವಾರ

ಎಂಜಿನ್ ಎತ್ತಿ ಗಾಡಿಗೆ ಕೂರಿಸಲಾ ಅಂತ ವದೀ ಬೆಳಗ್ಗೆ ಕೇಳಿದ. ಎಕ್ಸಾಸ್ಟಿನ ಬೋಲ್ಟುಗಳು ಹಳೆಯವು, ಇಳಿದಿರುವಾಗಲೇ ಅದನ್ನೂ ನೋಡಿಬಿಡೋಣ ಅಂದೆ. ಸ್ಟಾರ್ಟರ್ ಮೋಟಾರಿನ ಬುಶ್ಶು. ಕ್ಲಚ್ ಕೇಬಲ್ಲಿಗೆ ಅಂದೆ, ಇದಕ್ಕೆ ಕೇಬಲ್ ಎಲ್ಲಿದೆಯೋ, ಇದು ಎಣ್ಣೆ ಪೈಪಿನದು ಅಂದ. ಹಾಗಾದರೆ ಆ ಪೈಪು ಅಂದೆ.

ವದೀ ಕೈ ಒರೆಸಿಕೊಂಡು ಹೊರಗೆ ಹೋಗಿ ಕುರ್ಚಿಯಲ್ಲಿ ಕೂತ. ಅವನ ಹೆಂಡತಿ ಮೇಲಿನಿಂದ ಚಹಾ ಕಳಿಸಿದ್ದಳು. ಒಂದು ಲೋಟ ನನ್ನ ಕಡೆ ತಳ್ಳಿದ. ಎಂಜಿನ್ ಬಂದು ನನ್ನ ಮೇಜು ಹಿಡಿದುಕೊಂಡು ಕೂತಿದೆ, ಬೇರೆಯವರ ಕೆಲಸ ನೆಲದಲ್ಲಿ ಕೂತು ಮಾಡ್ತಿದ್ದೀನಿ ಅಂದ. ತಪ್ಪು ಅವನದಲ್ಲ. ಸೋಮವಾರ ಪೈಪು ತರುತ್ತೇನೆ ಅಂದೆ.

ಸೆಪ್ಟೆಂಬರ್ 7, ಮಂಗಳವಾರ

ಪೈಪು ಬಂತು, ಹಾಕಿದ್ದಾಯಿತು. ಅಂಗಡಿಯವನು ರೇಡಿಯೇಟರಿನ ಮುಚ್ಚಳವೂ ಬದಲಾಯಿಸಿ ಅಂದ. ಬದಲಾಯಿಸಿದೆ. ಮುಚ್ಚಳ ಬದಲಾಯಿಸಲು ಎಂಜಿನ್ ಇಳಿಸಬೇಕಾಗಿಲ್ಲ, ಅದು ನನಗೂ ಗೊತ್ತು.

ಸೆಪ್ಟೆಂಬರ್ 11, ಶನಿವಾರ

ಸಂಜೆ ಇಸ್ರಾಳ ಫೋನು ಬಂದಾಗ ನಾನು ಕೈ ತೊಳೆಯುತ್ತಿದ್ದೆ. ವದೀ ಇವತ್ತು ಹುಚ್ಚಾಸ್ಪತ್ರೆಯ ಮಾತು ಹೇಳಲಿಲ್ಲ. ಅವಳು ಅವನನ್ನು ಏನೋ ಕೇಳುತ್ತಿದ್ದಳು, ಅವನು ಕೇಳಿಸಿಕೊಂಡ. ಆಮೇಲೆ ನನ್ನ ಕಡೆಗೇ ನೋಡುತ್ತ ಅವಳಿಗೆ ಹೇಳಿದ.

"ಏನೂ ಉಳಿದಿಲ್ಲ ಮಗಳೇ. ಎಂಜಿನ್ ರೆಡಿಯಾಗಿ ವಾರ ಆಯ್ತು. ಎತ್ತೋಕೆ ನಿಮ್ಮಪ್ಪ ಬಿಡ್ತಾ ಇಲ್ಲ."

ಫೋನು ನನ್ನ ಕೈಗೆ ಕೊಟ್ಟು ಹೊರಗೆ ಹೋದ.  ಇಸ್ರಾ ಕೇಳಿದಳು.

"ಹಾಗಾದ್ರೆ ನಾನು ಇಲ್ಲೇ ಶಾಲೆಗೆ ಸೇರ್ಕೊಳ್ಳಲಾ ಬಾಬಾ?"

ಎಕ್ಸಾಸ್ಟಿನ ಒಂದು ಬೋಲ್ಟು ಇನ್ನೂ ಸರಿಯಾಗಿ ಕೂತಿಲ್ಲ ಅಂದೆ.

"ಸರಿ," ಅಂದಳು. ಇಟ್ಟಳು.

ಬೋಲ್ಟು ನಿಜವಾಗಿಯೂ ಸರಿಯಾಗಿ ಕೂತಿಲ್ಲ. ಸುಳ್ಳು ಹೇಳಿದ್ದಲ್ಲ.

ಬೆಳಗ್ಗೆ ನಾನು ಹೊರಟರೆ ಅವಳನ್ನು ಶಾಲೆಗೆ ಬಿಡುವವರು ಯಾರು. ಮಧ್ಯಾಹ್ನ ಬಾಗಿಲು ತೆಗೆಯುವವರು ಯಾರು. ಜ್ವರ ಬಂದರೆ. ಅವಳ ತಲೆ ಬಾಚುವುದು ನನಗೆ ಬರುವುದಿಲ್ಲ, ನಗಾತ್ ಬಾಚುವಾಗಲೇ ಅಳುತ್ತಿದ್ದಳು. ಇನ್ನು ನಾಲ್ಕೈದು ವರ್ಷಕ್ಕೆ ದೊಡ್ಡವಳಾಗುತ್ತಾಳೆ, ಆಗ ಏನು ಹೇಳಬೇಕು, ಯಾರು ಹೇಳಬೇಕು. ಕೌಸರ್‌ಗೆ ಎಲ್ಲ ಗೊತ್ತು. ಅಲ್ಲಿ ಅಂಗಳ ಇದೆ. ಇಲ್ಲಿ ಏನಿದೆ.

ಸೆಪ್ಟೆಂಬರ್ 12, ಭಾನುವಾರ

ಫೋನು ಬರಲಿಲ್ಲ.

ಸೆಪ್ಟೆಂಬರ್ 13, ಸೋಮವಾರ

ರಶೀದ್ ಮೈಕ್ರೋಬಸ್ ಹೊರಡುವ ಸ್ಟ್ಯಾಂಡಿಗೆ ಹೋದೆ. ಹೋಗಬೇಕು ಅಂತ ಹೋದದ್ದಲ್ಲ, ನಡೆಯುತ್ತ ಹೋದೆ, ಅಲ್ಲಿಗೆ ಬಂದಿದ್ದೆ. ರಶೀದ್ ರಶೀದ್ ಅಂತ ಕೂಗುತ್ತಿದ್ದರು. ಒಂದು ಸೀಟು ಬಾಕಿ ಅಂತ ಒಬ್ಬ ನನ್ನ ತೋಳು ಹಿಡಿದ. ಗಾಡಿ ನೋಡಿದೆ. ಟೈರು ಬೋಳು. ನಾನು ಬರಲ್ಲ ಅಂದೆ. ಅದು ಹೊರಟಿತು. ಇನ್ನೊಂದು ಬಂತು, ಅದರ ಟೈರು ಚೆನ್ನಾಗಿತ್ತು. ಅದೂ ತುಂಬಿ ಹೊರಟಿತು. ಸ್ಟ್ಯಾಂಡಿನ ಮುದುಕ ನನ್ನನ್ನೇ ನೋಡುತ್ತಿದ್ದ. ಯಾರಾದರೂ ಬರೋರಿದ್ದಾರಾ ಮಗಾ ಅಂತ ಕೇಳಿದ. ಹೌದು ಅಂದೆ.

ಫೋನು ಇವತ್ತೂ ಬರಲಿಲ್ಲ. ವದೀಯ ಹತ್ತಿರ ಗೇರ್ ಬಾಕ್ಸಿನ ಬಗ್ಗೆ ಏನೋ ಕೇಳೋಣ ಅಂತ ವರ್ಕ್‌ಶಾಪಿನೊಳಗೆ ಹೋದೆ. ಸೀಲು, ಬೇರಿಂಗು, ಏನೋ ಒಂದು. ಕೇಳಲಿಲ್ಲ. ಅವನು ಒಂದು ಫಿಯೆಟ್ಟಿನ ಅಡಿಯಲ್ಲಿ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು.

ನಾಳೆ ಎತ್ತು ಅಂತ ಆ ಕಾಲಿಗೆ ಹೇಳಿದೆ.

ಸೆಪ್ಟೆಂಬರ್ 15, ಬುಧವಾರ

ನಿನ್ನೆ ಎತ್ತಿದ. ಮೌಂಟಿಂಗಿನ ಮೇಲೆ ಒಂದೇ ಸಲಕ್ಕೆ ಕೂತಿತು. ಇವತ್ತು ವೈರು, ಪೈಪು ಜೋಡಿಸಿ, ರೇಡಿಯೇಟರಿಗೆ ಹಸಿರು ನೀರು ಹಾಕಿದ, ನಲ್ಲಿಯದಲ್ಲ. ಸ್ಟಾರ್ಟ್ ಆಯಿತು. ಬೀದಿಯವರು ಬಂದು ನಿಂತು ಕೇಳಿದರು. ತಅಮಿಯಾದವನು ಕಿವಿ ಬಾನೆಟ್ಟಿನ ಹತ್ತಿರ ಇಟ್ಟು, ಹೊಸ ಮದುಮಗಳ ಹಾಗೆ ಮೆತ್ತಗೆ ಮಾತಾಡ್ತಿದೆ ಅಂದ. ಮುಳ್ಳು ಮೇಲೆ ಬಂದು ನಡುವೆ ನಿಂತಿತು. ಇಂಥ ಕಡೆ ಅದು ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ತುಂಬಾ ಹೊತ್ತು ನೋಡಿದೆ. ಏನೂ ಅನಿಸಲಿಲ್ಲ. ಸಂತೋಷ ಆಗಬೇಕಿತ್ತೇನೋ.

ಒಂದು ದಿನ ಇಲ್ಲೇ ಓಡಿಸಿ ನೋಡಿ ಆಮೇಲೆ ದೂರ ಹೋಗು ಅಂದ ವದೀ. ಶುಕ್ರವಾರ ಬರ್ತೀನಿ ಅಂತ ಕೌಸರ್‌ಗೆ ಫೋನಿನಲ್ಲಿ ಹೇಳಿದೆ. ಯಾವ ಶುಕ್ರವಾರ ಅಂದಳು.

ಸೆಪ್ಟೆಂಬರ್ 16, ಗುರುವಾರ

ಹನಿ.

ಬೆಳಗ್ಗೆ ಮುಂತಝಾವರೆಗೆ ಹೋಗಿ ಬಂದು ವರ್ಕ್‌ಶಾಪಿನ ಮುಂದೆ ನಿಲ್ಲಿಸಿದ್ದೆ. ಬಗ್ಗಿ ನೋಡಿದೆ. ಎಂಜಿನ್ನೂ ಗೇರ್ ಬಾಕ್ಸೂ ಸೇರುವಲ್ಲಿ ಎಣ್ಣೆ ಒಂದು ಮಣಿಯ ಹಾಗೆ ಕೂಡಿಕೊಳ್ಳುತ್ತಿತ್ತು. ನೋಡುತ್ತಿದ್ದಂತೆ ಬಿತ್ತು. ಇನ್ನೊಂದು ಕೂಡತೊಡಗಿತು. ವದೀಯನ್ನು ಕರೆದೆ. ಅವನು ಅಡಿಗೆ ಹೋಗಿ ಬೆರಳಿಗೆ ಮುಟ್ಟಿಸಿಕೊಂಡು, ಮೂಸಿ, ಬಹಳ ಹೊತ್ತು ಅಲ್ಲೇ ಮಲಗಿದ್ದ. ಹಿಂಬದಿಯ ಸೀಲು. ಹೊಸದು. ನಾನು ಹಟ ಹಿಡಿದು ಹಾಕಿಸಿದ್ದು.

ಹೇಳಿದ್ನಲ್ಲ ಅಂತ ಅವನು ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಎದ್ದು ಬಂದು, ಗೇರ್ ಬಾಕ್ಸ್ ಇಳಿಸ್ತೀನಿ, ಹಳೇದನ್ನೇ ತೊಳೆದು ವಾಪಸ್ ಹಾಕ್ತೀನಿ ಅಂದ. ನಾಳೆ ಶುಕ್ರವಾರ, ಗ್ಯಾಸ್ಕೆಟ್ ತರೋಣ ಅಂದ್ರೆ ಅಂಗಡಿ ಮುಚ್ಚಿರುತ್ತೆ, ಭಾನುವಾರಕ್ಕೆ ಕೊಡ್ತೀನಿ. ಆಗಲೇ ಜ್ಯಾಕು ತರಲು ತಿರುಗಿದ್ದ. ಸರಿಯಾದ ಮಾತು. ಇದಕ್ಕಿಂತ ಸರಿಯಾದ ಕಾರಣ ಇಷ್ಟು ದಿನದಲ್ಲಿ ಇರಲಿಲ್ಲ. ಕ್ಲಚ್ಚಿಗೆ ಎಣ್ಣೆ, ಏರಿನಲ್ಲಿ ಜಾರುವುದು, ಹಿಂದೆ ಲಾರಿ. ಎಲ್ಲ ಇತ್ತು.

"ಬಿಡು," ಅಂದೆ.

"ಹನಿ ಬೀಳ್ತಾ ಇದೆ ಕಣೋ."

"ಬೀಳ್ಲಿ."

ವದೀ ಜ್ಯಾಕು ಹಿಡಿದುಕೊಂಡೇ ನಿಂತ. ಇದು ನನ್ನ ಕೈಯಿಂದ ಹೊರಗೆ ಹೋದ ಗಾಡಿ, ಹೀಗೆ ತೊಟ್ಟಿಕ್ಕಿಕೊಂಡು ಹೋದರೆ ನನ್ನ ಮರ್ಯಾದೆ ಏನಾಗಬೇಕು ಅಂದ. ಯಾರಿಗೂ ನಿನ್ನ ಹೆಸರು ಹೇಳಲ್ಲ ಅಂದೆ. ಒಳಗೆ ಹೋಗಿ ಎಣ್ಣೆಯ ಒಂದು ಡಬ್ಬಿ ತಂದು ನನ್ನ ಸೀಟಿನ ಪಕ್ಕ ಇಟ್ಟ. ಗೇಜು ಕಡ್ಡಿ ನೋಡ್ತಾ ಇರು, ಇಳಿದಷ್ಟು ಹಾಕು, ಇದರಿಂದ ಗಾಡಿ ನಿಲ್ಲಲ್ಲ ಅಂದ.

ಬಿಡು ಅಂತ ಯಾಕೆ ಅಂದೆನೋ. ಬಾಯಿಗೆ ಬಂತು.

ಸೆಪ್ಟೆಂಬರ್ 17, ಶುಕ್ರವಾರ

ಬೆಳಗಿನ ನಮಾಜಿನ ಮೇಲೆ ಹೊರಟೆ. ಅಬೂಕೀರ್ ಕಡೆಯ ತಿರುವಿನಲ್ಲಿ ನಿಲ್ಲಿಸಿ ಬಗ್ಗಿ ನೋಡಿದೆ. ಮಅದಿಯಾದಲ್ಲಿ ನಿಲ್ಲಿಸಿ ನೋಡಿದೆ. ಎದ್ಕೂ ಊರಲ್ಲಿ ಮೀನು ಮಾರುವವರ ಮುಂದೆ ನಿಲ್ಲಿಸಿ, ನೆಲಕ್ಕೆ ಗಲ್ಲ ಹಚ್ಚಿ ನೋಡುವಾಗ ಏನು ಕಳ್ಕೊಂಡ್ಯಪ್ಪ ಅಂತ ಒಬ್ಬಳು ಕೇಳಿದಳು. ಹನಿ ಬೀಳುತ್ತಿತ್ತು. ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಗೇಜು ಕಡ್ಡಿಯಲ್ಲಿ ಕೂದಲೆಳೆಯಷ್ಟು ಇಳಿದಿತ್ತು. ಹಾಕಿದೆ.

ಕೌಸರ್ ಬಾಗಿಲು ತೆಗೆದು, ಬಂದ್ಯಾ ಅಂದಳು. ಅವಳ ಗಂಡ ಜುಮಾ ನಮಾಜಿಗೆ ಸ್ನಾನ ಮಾಡುತ್ತಿದ್ದ. ಗೋಡೆಯ ಮೊಳೆಗೆ ಶಾಲೆಯ ಹೊಸ ಯೂನಿಫಾರ್ಮು ನೇತಾಡುತ್ತಿತ್ತು, ಇಸ್ತ್ರಿ ಮಾಡಿದ್ದು, ನೀಲಿ. ಅಲೆಕ್ಸಾಂಡ್ರಿಯಾದ ಇಸ್ರಾಳ ಶಾಲೆಯದು ಬೂದು. ನಾನೇ ಹೊಲಿದೆ ಅಂದಳು ಕೌಸರ್. ಕೂರಿಸಿ, ಬಾಗಿಲು ಓರೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದಳು. ಬೆಳಗ್ಗೆ ನೀನು ಗಾಡಿ ತಗೊಂಡು ಹೊರಟರೆ ಅವಳನ್ನ ಯಾರು ಬಿಡ್ತಾರೆ. ಮಧ್ಯಾಹ್ನ ಬಾಗಿಲು ಯಾರು ತೆಗೀತಾರೆ. ಜ್ವರ ಬಂದರೆ ಯಾರು. ನಾಳೆ ದೊಡ್ಡವಳಾದರೆ ಯಾರು ಹೇಳಿಕೊಡ್ತಾರೆ. ನಾನು ಬರೆದಿಟ್ಟಿದ್ದನ್ನೇ ನೋಡಿಕೊಂಡು ಓದಿದ ಹಾಗಿತ್ತು. 

"ತಲೆ ಯಾರು ಬಾಚ್ತಾರೆ ಶೆಹಾತಾ, ಅದನ್ನಾದ್ರೂ ಹೇಳು."

"ನಾನು ಬಾಚ್ತೀನಿ," ಅಂದೆ.

ಕೌಸರ್ ನನ್ನ ಕೈ ನೋಡಿದಳು. ನಾನೂ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಗ್ರೀಸು.

ಅಷ್ಟರಲ್ಲಿ ಇಸ್ರಾ ಬಂದು ಬಾಗಿಲಲ್ಲಿ ನಿಂತಳು. ಬಿಸಿಲಿಗೆ ಕಪ್ಪಾಗಿದ್ದಳು, ಉದ್ದವಾಗಿದ್ದಳು. ಕೈಯಲ್ಲಿ ಬ್ಯಾಗು. ಬಂದು ಅಪ್ಪಿಕೊಳ್ಳಲಿಲ್ಲ, ಬ್ಯಾಗು ಹಿಡಿದುಕೊಂಡು ನಿಂತಳು. ಕೌಸರ್ ಬ್ಯಾಗು ನೋಡಿದಳು. ಆಮೇಲೆ ನನಗಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಿದಳು.

"ಬಂದ ದಿನವೇ ಬೀರುವಲ್ಲಿ ಒಂದು ಖಾನೆ ಖಾಲಿ ಮಾಡಿ ಕೊಟ್ಟೆ. ಒಂದು ಕಾಲ್ಚೀಲ ಕೂಡ ಇಡ್ಲಿಲ್ಲ. ಬೆಳಗ್ಗೆ ಆ ಬ್ಯಾಗಿಂದ ತೆಗೆದು ಹಾಕ್ಕೊಳ್ಳೋದು, ನಾನು ಒಗೆದು ಕೊಟ್ಟರೆ ಮಡಚಿ ಮತ್ತೆ ಅದರೊಳಗೇ ಇಡೋದು. ಇವತ್ತಿನ ತನಕ ಹಾಗೇ."

ಎದ್ದು ಹೋಗಿ ಯೂನಿಫಾರ್ಮು ಮೊಳೆಯಿಂದ ತೆಗೆದಳು. ಅದನ್ನು ಮಡಚುವಾಗ ಬೆನ್ನು ನಮ್ಮ ಕಡೆಗಿತ್ತು. ಮಡಚಲು ಬಹಳ ಹೊತ್ತು ಬೇಕಾಯಿತು. ಬಣ್ಣ ಬೇರೆಯಾದ್ರೂ ಅಳತೆ ಸರಿಯಾಗಿದೆ, ಅವಳ ಹಳೇದು ಈಗ ಮೊಣಕಾಲಿಗೂ ಬರಲ್ಲ ಅಂದಳು. ಪ್ರತಿ ಗುರುವಾರ ನಾನು ಬರ್ತೀನಿ, ಬೇಡ ಅನ್ನಬೇಡ. ಅನ್ನಲಿಲ್ಲ. ಕೆಂಪು ಖರ್ಜೂರದ ಒಂದು ಬುಟ್ಟಿ ಹಿಂದಿನ ಸೀಟಿಗೆ ಇಟ್ಟಳು.

ಇಸ್ರಾ ಗಾಡಿ ಹತ್ತುವ ಮೊದಲು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅಡಿಯಲ್ಲಿ ನೋಡಿದಳು. ನಿನ್ನೆ ಸಂಜೆ ವದೀ ಅವಳಿಗೆ ಫೋನಿನಲ್ಲಿ ಹೇಳಿದ್ದನಂತೆ. ಬೀಳ್ತಾ ಇದೆ ಬಾಬಾ, ನಿಧಾನಕ್ಕೆ ಬೀಳ್ತಾ ಇದೆ ಅಂದಳು. ಮುಂದಿನ ಸೀಟಿಗೆ ಬಂದು ಕೂತಳು.

 ಖರ್ಜೂರದ ತೋಟ ಮುಗಿಯುವಲ್ಲಿ, ಅಮ್ಮನ ಬಟ್ಟೆಗಳು ಮನೇಲಿವೆಯಾ ಅಂತ ಕೇಳಿದಳು. ಇವೆ, ಮುಟ್ಟಿಲ್ಲ ಅಂದೆ. ಯಾವ ಬಟ್ಟೆ, ಹಸಿರು ಇದೆಯಾ ಅಂದಳು. ಇದೆ ಅಂದೆ. ಆ ಹಸಿರು ಬಟ್ಟೆ ಹಾಕಿಕೊಂಡು ಅವಳಮ್ಮ ಒಂದು ಸಲ ಟ್ರಾಮಿನಲ್ಲಿ ಕಂಡಕ್ಟರನ ಜೊತೆ ಜಗಳ ಆಡಿದ್ದನ್ನು ಹೇಳತೊಡಗಿದಳು. ಆ ಜಗಳ ನನಗೆ ಗೊತ್ತೇ ಇರಲಿಲ್ಲ. ಕಂಡಕ್ಟರ್ ಏನಂದ, ನಗಾತ್ ಏನಂದಳು, ಟ್ರಾಮಿನವರೆಲ್ಲ ಯಾರ ಕಡೆ ಸೇರಿದರು, ಎಲ್ಲ ಅಮ್ಮನದೇ ದನಿಯಲ್ಲಿ ಹೇಳಿದಳು. ಇನ್ನೊಮ್ಮೆ ಹೇಳು ಅಂದೆ. ಹೇಳಿದಳು.

ಎದ್ಕೂ ಯಾವಾಗ ದಾಟಿತೋ. ಮನೆಯ ಮುಂದೆ ನಿಲ್ಲಿಸಿದ ಮೇಲೆ ನೆನಪಾಯಿತು, ದಾರಿಯಲ್ಲಿ ಎಲ್ಲೂ ಇಳಿದು ನೋಡಿರಲಿಲ್ಲ. ಏನಾದರೂ ಆಗಿದ್ದರೆ?

ಸೆಪ್ಟೆಂಬರ್ 18, ಶನಿವಾರ

ಶಾಲೆಯ ಗೇಟಿನ ಹತ್ತಿರ ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ತಲೆ ಬಾಚಿದೆ. ಬೈತಲೆ ಸೊಟ್ಟ ಬಂತು. ಬಿಚ್ಚಿ ಮತ್ತೆ ಬಾಚಿದೆ, ಆ ಕಡೆಗೆ ಸೊಟ್ಟ ಬಂತು. ಸಾಕು ಬಾಬಾ, ಹೊತ್ತಾಯ್ತು ಅಂದಳು. ಅಳಲಿಲ್ಲ. ಬೂದು ಬಟ್ಟೆಯ ಹುಡುಗಿಯರ ನಡುವೆ ಅವಳ ನೀಲಿ ಒಂದೇ ಒಳಗೆ ಹೋಗುವವರೆಗೂ ಕಾಣುತ್ತಿತ್ತು. ಟೀಚರು ಏನಾದರೂ ಅನ್ನುತ್ತಾರೋ ಏನೋ. ಮುಂದಿನ ವಾರ ಬೂದು ಬಟ್ಟೆ ತರಬೇಕು. ಬಾಚಣಿಗೆಗೆ ಹಲ್ಲು ಅಗಲ ಇರಬೇಕಂತೆ, ಅದೂ.

ಒಬ್ಬ ಹೆಂಗಸು ಕಿಟಕಿ ತಟ್ಟಿದಳು. ರಮ್ಲ್ ಸ್ಟೇಷನ್ನಿಗೆ ಬರ್ತೀಯಾ ಉಸ್ತಾ ಅಂತ ಕೇಳಿದಳು. ಹತ್ತಮ್ಮ, ಆದರೆ ಹನ್ನೆರಡೂವರೆಗೆ ನಾನು ಇಲ್ಲಿಗೆ ವಾಪಸ್ ಬರಬೇಕು ಅಂದೆ. ಆಗಿನ್ನೂ ಎಂಟೂ ಆಗಿರಲಿಲ್ಲ. ಅದನ್ನೆಲ್ಲ ಅವಳು ಕೇಳಿರಲಿಲ್ಲ.